ಕೊನೆಯ ಸಾಲಿಗೊಂದು ಕ್ಯಾಮೆರಾ

ಒಂದು ಪ್ರಶ್ನೆ ಕೇಳುತ್ತೇನೆ, ಜಾಣರಿದ್ದರೆ ಉತ್ತರ ಹೇಳಿ. ಮದುವೆ ಮಂಟಪದ ಹತ್ತಿರವೂ ಸುಳಿಯದೆ, ಮದುಮಗಳ ಮುಖವನ್ನು ಅವಳ ಗಂಡನಿಗಿಂತ ಚೆನ್ನಾಗಿ ನೋಡುವುದು ಹೇಗೆ?

ಹೊಳೆಯಲಿಲ್ಲ ಅಲ್ಲವೇ? ನನಗೂ ಮೊದಲು ಹೊಳೆದಿರಲಿಲ್ಲ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಎರಡೂ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ನಾನು ಕ್ಯಾಮೆರಾ ಅಂಗಡಿಯ ಮೆಟ್ಟಿಲು ಹತ್ತಿದ್ದು ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ.

ಇದನ್ನು ಫೋನಿನಲ್ಲಿ, ಬಲಗೈಯ ತೋರುಬೆರಳೊಂದರಿಂದಲೇ ಕುಟ್ಟುತ್ತಿದ್ದೇನೆ. ಟೈಪು ಮಾಡಲು ಕಲಿಸಿದವಳು ಮೊಮ್ಮಗಳು. ‘ನಾ ಗಂಡನ ಮನೆಗೆ ಹೋದ್ಮೇಲೆ ದಿನಾ ನಂಗೆ ಒಂದು ಮೆಸೇಜ್ ಹಾಕ್ಬೇಕು’ ಎಂದು ಮಾತು ತೆಗೆದುಕೊಂಡು ಕಲಿಸಿದಳು. ನಾನು ದಿನಾ ‘ಊಟ ಆಯ್ತಾ’ ಎಂದು ಕಳಿಸಿ ಬೇಜಾರು ಬಂದು ಈಗ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕಳಿಸುವುದೋ ಬಿಡುವುದೋ ಇನ್ನೂ ನಿಶ್ಚಯ ಮಾಡಿಲ್ಲ.

ಮೊಮ್ಮಗಳು ಎಂದರೆ ಮಗಳ ಮಗಳು. ಕಾರವಾರದಲ್ಲಿ ಹುಟ್ಟಿ ಬೆಳೆದವಳು, ಅಲ್ಲೇ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ನಾನಿರುವುದು ಅಂಕೋಲೆಯಲ್ಲಿ, ಮಗ ಸೊಸೆಯ ಜೊತೆ. ಅದೇ ಮನೆಯಲ್ಲಿ ನನ್ನ ಅತ್ತಿಗೆಯೂ ಇದ್ದಾರೆ, ಅಂದರೆ ನಮ್ಮ ಯಜಮಾನರ ಅಕ್ಕ. ಅವರಿಗೆ ಎಪ್ಪತ್ತೆಂಟು. ಇಪ್ಪತ್ತನಾಲ್ಕಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ಮತ್ತೆ ಎಲ್ಲಿಗೂ ಹೋಗಲಿಲ್ಲ. ನಮ್ಮ ಯಜಮಾನರು ಶಾಲೆ ಮಾಸ್ತರರಾಗಿದ್ದರು. ತೀರಿಕೊಂಡು ಎರಡು ವರ್ಷವಾಯಿತು.

ಮೊಮ್ಮಗಳ ಮದುವೆ ಮೇ ತಿಂಗಳಿಗೆ ಎಂದು ಗೊತ್ತಾದ ದಿನ ಮಗಳು ಕಾರವಾರದಿಂದ ಬಂದು, ಯಾರು ಯಾರು ಎಲ್ಲೆಲ್ಲಿ ನಿಲ್ಲಬೇಕು ಎಂದು ಹೇಳುತ್ತ ಕೂತಳು. ನನ್ನ ಸರದಿ ಬಂತು.

‘ಆಯೀ, ನೀ ಮಂಟಪದ ಮೇಲೇ ಕೂರ್ಬೇಕು. ಅವಳ ಬಲಗಡೆ.’

‘ನಾ ಕೊನೇ ಸಾಲಲ್ಲಿ ಕೂರ್ತೆ.’

‘ಎಂತಕ್ಕೆ? ಯಾರು ಹೇಳಿದ್ರು ನಿಂಗೆ ಹಾಗೆ?’

‘ಯಾರೂ ಹೇಳ್ಲಿಲ್ಲ ಮಾರಾಯ್ತಿ. ಫ್ಯಾನು ಅಲ್ಲೇ ಇರೂದು.’

ಮಗಳಿಗೆ ಸಿಟ್ಟು ಬಂತು. ‘ಯಾವ ಕಾಲದಲ್ಲಿದ್ದೆ ನೀನು? ಈಗ ಯಾರು ನೋಡ್ತಾರೆ ಅದನ್ನೆಲ್ಲ? ನಮ್ಮ ಬೀದೀಲೇ ಹೋದ ವರ್ಷ ಮದುಮಗನ ಅಜ್ಜಿ ಮಂಟಪದ ಮೇಲೆ ನಿಂತು ಆರತಿ ಎತ್ತಿದ್ಲು. ಆಕಾಶ ಬೀಳ್ಲಿಲ್ಲ.’

ನನಗೂ ಗೊತ್ತು, ಬೀಳುವುದಿಲ್ಲ. ನಮ್ಮಲ್ಲಿ ಗಂಡ ತೀರಿಕೊಂಡ ಹೆಂಗಸು ಧಾರೆಯ ಹೊತ್ತಿಗೆ ಮಂಟಪದ ಹತ್ತಿರ ಹೋಗುವುದಿಲ್ಲ ಎಂಬ ಪದ್ಧತಿ ಇತ್ತು. ಈಗ ಬಹಳ ಮನೆಗಳಲ್ಲಿ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲೂ ಯಾರೂ ನನಗೆ ಬೇಡ ಎನ್ನಲಿಲ್ಲ, ನಾನೇ ಅಂದುಕೊಂಡೆ. ಅದಕ್ಕೆ ಕಾರಣ ಫ್ಯಾನು ಅಲ್ಲ. ಅದನ್ನು ಮುಂದೆ ಹೇಳುತ್ತೇನೆ, ಹೇಳದೆ ಮುಗಿಸುವ ಹಾಗಿಲ್ಲ.

ಹತ್ತಿರ ಹೋಗುವುದಿಲ್ಲ ಎಂದೆನೇ ಹೊರತು ನೋಡುವುದಿಲ್ಲ ಎನ್ನಲಿಲ್ಲ. ಮದುವೆಯಲ್ಲಿ ನನಗೆ ಬೇಕಾದದ್ದು ಒಂದೇ ಒಂದು ಗಳಿಗೆ. ಮದುಮಗ ಮದುಮಗಳ ನಡುವೆ ಅಂತರಪಟ ಹಿಡಿದಿರುತ್ತಾರೆ, ಭಟ್ಟರು ಮಂಗಳಾಷ್ಟಕ ಹೇಳುತ್ತಿರುತ್ತಾರೆ, ಹುಡುಗಿ ತಲೆ ತಗ್ಗಿಸಿ ನಿಂತಿರುತ್ತಾಳೆ. ಪಟ ಸರಿಯುತ್ತದೆ. ಅವಳು ಕಣ್ಣೆತ್ತುತ್ತಾಳೆ. ಅದು, ಆ ಕಣ್ಣೆತ್ತುವುದು. ಮಗಳ ಮದುವೆಯಲ್ಲಿ ಎರಡು ಮಾರು ದೂರದಲ್ಲಿ ನಿಂತು ಅದನ್ನು ನೋಡಿದ್ದೆ. ಮೊಮ್ಮಗಳದ್ದನ್ನೂ ನೋಡಿಬಿಟ್ಟರೆ ಸಾಕು, ಆಮೇಲೆ ಹೋಳಿಗೆ ಸಿಕ್ಕರೂ ಆಯಿತು, ಸಿಗದಿದ್ದರೂ ಆಯಿತು.

ಮೊದಲು ಫೋನಿನಲ್ಲೇ ಆಗಬಹುದು ಎಂದುಕೊಂಡೆ. ಏಪ್ರಿಲ್‌ನಲ್ಲಿ ನೆಂಟರೊಬ್ಬರ ಮನೆಯ ನಿಶ್ಚಿತಾರ್ಥಕ್ಕೆ ಹೋದಾಗ ಬೇಕೆಂದೇ ಹಿಂದೆ ಕೂತು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಹುಡುಗಿಯ ಮುಖ ತೆಗೆದೆ. ಮನೆಗೆ ಬಂದು ನೋಡಿದರೆ ನೀರು ಬಿದ್ದ ರಂಗೋಲಿ. ಮೂಗು ಎಲ್ಲಿ, ಬಾಯಿ ಎಲ್ಲಿ, ದೇವರಿಗೇ ಗೊತ್ತು. ರಜೆಗೆಂದು ಬಂದಿದ್ದ ಮೊಮ್ಮಗಳಿಗೆ ತೋರಿಸಿದೆ.

‘ಅಜ್ಜಿ, ಇದು ಡಿಜಿಟಲ್ ಜೂಮ್. ಇದ್ದ ಚಿತ್ರಾನೇ ಎಳ್ದು ದೊಡ್ಡ ಮಾಡ್ತದೆ ಅಷ್ಟೆ. ದೂರದ್ದು ಸರಿಯಾಗಿ ಕಾಣ್ಬೇಕಾದ್ರೆ ಒಳಗೆ ಗಾಜೇ ಮುಂದೆ ಹಿಂದೆ ಆಗ್ಬೇಕು. ಅದಕ್ಕೆ ಬೇರೆ ಕ್ಯಾಮೆರಾ ಇರ್ತದೆ. ನಿಂಗೆ ಎಂತಕ್ಕೆ?’

‘ಹಕ್ಕಿ ನೋಡೂಕೆ.’

‘ಯಾವ ಹಕ್ಕಿ?’

‘ಒಂದೇ ಹಕ್ಕಿ. ಮೇ ತಿಂಗಳಲ್ಲಿ ಹಾರಿ ಹೋಗೂದು.’

ಅವಳು ನನ್ನ ಮುಖ ನೋಡಿದಳು. ಆಮೇಲೆ ಫೋನಿನಲ್ಲಿ ಹುಡುಕಿ ಕೊಟ್ಟಳು. ‘ಈಗ ಇಂಥವು ಕಡ್ಮೆ ಅಜ್ಜಿ. ಇದ್ರೂ ಹಳೇ ಮಾಲು. ಪೇಟೇಲಿ ಕೇಳಿ ನೋಡು. ಮೂವತ್ತು ಪಟ್ಟು, ಐವತ್ತು ಪಟ್ಟು, ಅರವತ್ತು ಪಟ್ಟು ಅಂತ ಬರ್ದಿರ್ತದೆ.’

ನಾನು ಮನಸ್ಸಿನಲ್ಲೇ ಒಂದು ಗೆರೆ ಹಾಕಿಕೊಂಡೆ. ಯಜಮಾನರ ಪಿಂಚಣಿ ನನಗೆ ಬರುತ್ತದೆ. ಒಂದು ತಿಂಗಳ ಪಿಂಚಣಿ ದಾಟಿದ ಕ್ಯಾಮೆರಾ ನನಗೆ ಬೇಡ. ಆ ತಿಂಗಳು ಔಷಧಿಗೆ ಮಗನ ಹತ್ತಿರ ಕೇಳಿದರಾಯಿತು, ಅವನಿಗೂ ಕೊಟ್ಟು ರೂಢಿಯಾಗಲಿ.

ಮರುವಾರ ಬಸ್ಸಿನಲ್ಲಿ ಕಾರವಾರಕ್ಕೆ ಹೋದೆ. ಮಗಳಿಗೆ ಹೇಳಲಿಲ್ಲ. ಮೊದಲು ಹೋದದ್ದು ಮದುವೆಯ ಹಾಲಿಗೆ. ಕಾವಲಿನವನಿಗೆ ‘ನೆಂಟರು ಉಗುಳೂಕೆ ಜಾಗ ಎಲ್ಲಿ ಅಂತ ನೋಡ್ಬೇಕು’ ಎಂದು ಹೇಳಿ ಒಳಗೆ ನುಗ್ಗಿ, ಕೊನೆಯ ಸಾಲಿನಿಂದ ಮಂಟಪದವರೆಗೆ ಹೆಜ್ಜೆ ಎಣಿಸಿದೆ. ಅರವತ್ತೆಂಟು ಹೆಜ್ಜೆ. ನನ್ನ ಹೆಜ್ಜೆ ಎಂದರೆ ಗುಬ್ಬಿ ಹೆಜ್ಜೆ, ಅದು ಬೇರೆ ಮಾತು. ಆಮೇಲೆ ಪೇಟೆಯ ಅಂಗಡಿಗೆ ಹೋದೆ.

ಅಂಗಡಿಯವನು ನನ್ನ ಸೀರೆ, ಚೀಲ, ಚಪ್ಪಲಿ ನೋಡಿ ಏನು ಬೇಕೆಂದು ಕೊಂಕಣಿಯಲ್ಲಿ ಶುರು ಮಾಡಿದ. ‘ಕಿತೆಂ ಜಾಯ್ ಆಯೀ? ಚಾರ್ಜರಾ?’

‘ಚಾರ್ಜರು ಅಲ್ಲ. ದೂರದ್ದು ಹತ್ರ ಮಾಡೂ ಕ್ಯಾಮೆರಾ.’

ಅವನು ಕನ್ನಡಕ್ಕೆ ಬಂದ. ‘ಈಗ ಯಾರೂ ತಕಣೂದಿಲ್ಲ ಆಯೀ. ಎಲ್ಲ ಫೋನೇ. ಒಂದೇ ಪೀಸು ಅದೆ, ಅರವತ್ತು ಪಟ್ಟು.’ ಗಾಜಿನ ಕಪಾಟಿನ ಮೇಲಿನ ಹಲಗೆಯಿಂದ ಇಳಿಸಿ ಬಟ್ಟೆಯಲ್ಲಿ ಧೂಳು ಒರೆಸಿದ. ಗುಂಡಿ ಒತ್ತಿದರೆ ಅದರ ಮೂಗು ಆನೆಯ ಸೊಂಡಿಲಿನಂತೆ ಹೊರಗೆ ಬಂತು. ನನಗೆ ನಗು ತಡೆಯಲಾಗಲಿಲ್ಲ.

‘ಇಲ್ಲಿ ನೋಡಿದ್ರೆ ಗೊತ್ತಾಗೂದಿಲ್ಲ, ಬನ್ನಿ’ ಎಂದು ಪಾಪ ಅವನು ಅಂಗಡಿಯನ್ನು ಹೆಂಡತಿಗೆ ಬಿಟ್ಟು ಹೈವೇ ದಾಟಿಸಿ ನನ್ನನ್ನು ಕಡಲ ದಂಡೆಗೆ ಕರೆದುಕೊಂಡು ಹೋದ. ದೂರದಲ್ಲಿ ಒಂದು ಬೋಟು ನಿಂತಿತ್ತು, ಬರಿಗಣ್ಣಿಗೆ ಕಡಲೆಕಾಯಿಯಷ್ಟು. ಕ್ಯಾಮೆರಾದಲ್ಲಿ ಹುಡುಕಿ ಎಳೆದೆ. ದೇವರೇ! ಬೋಟಿನ ಮೇಲೆ ಒಬ್ಬ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಸಿಪ್ಪೆ ಸುಲಿಯುವುದೂ ಕಂಡಿತು. ಸಿಪ್ಪೆಯನ್ನು ಎಲ್ಲಿ ಎಸೆಯುತ್ತಾನೆ ನೋಡುತ್ತೇನೆ ಎನ್ನುವಷ್ಟರಲ್ಲಿ ಅವನು ಮಾಯ. ಬರೀ ನೀರು. ಮತ್ತೆ ಹುಡುಕಿದರೆ ಆಕಾಶ.

‘ಅವ ಎಲ್ಲಿ ಹೋದ?’

‘ಅವ ಅಲ್ಲೇ ಇದ್ದ. ನಿಮ್ಮ ಕೈ ಅಲ್ಲಾಡ್ತು.’

ಅಂಗಡಿಗೆ ಹಿಂತಿರುಗಿ, ಅರ್ಧ ದೀಪ ಆರಿಸು ಎಂದೆ. ಅವನು ಆರಿಸಿದ. ಆ ಮಂದ ಬೆಳಕಿನಲ್ಲಿ ಅವನ ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಒಳಗಿನ ಮೂಲೆಯಿಂದ ಚಿತ್ರ ತೆಗೆದೆ. ಮುಖದ ಮೇಲೆಲ್ಲ ರವೆ ಉದುರಿದ ಹಾಗೆ ಬಂತು. ಹೆಂಡತಿಯೂ ನೋಡಿದಳು, ‘ಇದೆಂತ ರೋಗ’ ಎಂದಳು. ಬೆಲೆ ಕೇಳಿದೆ. ನನ್ನ ಗೆರೆಯನ್ನು ದಾಟಿ ಎಷ್ಟೋ ಮುಂದೆ ಹೋಗಿತ್ತು. ಮೂಗು ಒಳಗೆಳೆದುಕೊಂಡು ಕ್ಯಾಮೆರಾ ಮತ್ತೆ ಹಲಗೆ ಹತ್ತಿತು. ನಾನು ಸಂಜೆ ಬಸ್ಸಿಗೆ ಅಂಕೋಲೆಗೆ ಬಂದೆ.

ಆಮೇಲೆ ನೆನಪಾದದ್ದು ಅಂಕೋಲೆಯ ಹಳೆಯ ಸ್ಟುಡಿಯೋ. ಬಸ್ ನಿಲ್ದಾಣದಿಂದ ಸ್ವಲ್ಪ ದೂರ, ಮೊದಲ ಮಾಳಿಗೆಯಲ್ಲಿ. ನನ್ನ ಮಗಳ ಮದುವೆಯ ಫೋಟೋ ತೆಗೆದವರು ಅದರ ಮಾಲೀಕರೇ. ಈಗ ಕೂದಲು ಪೂರ್ತಿ ಬಿಳಿ. ಮದುವೆಗಳಿಗೆ ಹೋಗುವುದು ಬಿಟ್ಟು ಪಾಸ್‌ಪೋರ್ಟ್ ಅಳತೆಯ ಫೋಟೋ ಮಾತ್ರ ತೆಗೆಯುತ್ತಾರೆ. ಹಳೆಯ ಕ್ಯಾಮೆರಾಗಳನ್ನು ರಿಪೇರಿ ಮಾಡಿ ಮಾರುವುದೂ ಇದೆ.

ನಾನು ಹಕ್ಕಿಯ ಕತೆ ಹೇಳಿದೆ. ಅವರು ಕೇಳಿಕೊಂಡು, ‘ಹಕ್ಕಿ ಹೊರಗೋ ಒಳಗೋ?’ ಎಂದರು.

‘ಒಳಗೆ.’

‘ಗೂಡಿಗೆ ಟ್ಯೂಬ್‌ಲೈಟ್ ಅದೆಯಾ?’

ಇವರ ಹತ್ತಿರ ಆಟ ನಡೆಯುವುದಿಲ್ಲ ಎಂದು ಗೊತ್ತಾಯಿತು. ಮೊಮ್ಮಗಳ ಮದುವೆ, ಕೊನೆಯ ಸಾಲು, ಅರವತ್ತೆಂಟು ಹೆಜ್ಜೆ, ಎಲ್ಲ ಹೇಳಿದೆ. ಅವರು ನಗಲಿಲ್ಲ. ಕುರ್ಚಿ ಎಳೆದು ಕೂರಿಸಿದರು.

‘ಅರವತ್ತು ಪಟ್ಟು ಕೊಳ್ಳದೇ ಇದ್ದದ್ದು ಒಳ್ಳೇದಾತು ಅಮ್ಮಾ. ಜೂಮ್ ಎಳ್ದಷ್ಟೂ ಒಳಗೆ ಬರೂ ಬೆಳಕು ಕಡ್ಮೆ. ಅದಕ್ಕೇ ನಿಮ್ಗೆ ರವೆ ಕಂಡದ್ದು. ಮತ್ತೆ ಅಷ್ಟು ದೂರಕ್ಕೆ ಅರವತ್ತು ಪಟ್ಟು ಎಳದ್ರೆ ಚೌಕಟ್ಟಲ್ಲಿ ಬರೀ ಮುಖ ಹಿಡೀತದೆ. ಹುಡುಗಿ ತಲೆ ಎತ್ತಿದ್ಲೋ, ನಿಮ್ಗೆ ಕುತ್ತಿಗೆ ಕಾಣ್ತದೆ.’

ತಲೆ ಎತ್ತುವುದನ್ನು ನೋಡಲೆಂದೇ ಇಷ್ಟೆಲ್ಲ. ಕುತ್ತಿಗೆ ಕಟ್ಟಿಕೊಂಡು ನಾನೇನು ಮಾಡಲಿ?

ಅವರು ಮೇಜಿನ ಖಾನೆಯಿಂದ ಕಪ್ಪು ಕ್ಯಾಮೆರಾ ಒಂದನ್ನು ತೆಗೆದರು. ‘ಮೂವತ್ತು ಪಟ್ಟು. ನೀವು ಇಪ್ಪತ್ತಕ್ಕೇ ನಿಲ್ಲಿಸಿ. ಮುಖ, ಹೆಗಲು, ಕೈಲಿದ್ದ ಮಾಲೆ, ಎಲ್ಲ ಬತ್ತದೆ. ಇದಕ್ಕೆ ಕೈ ನಡುಕ ತಡೆಯೂ ವ್ಯವಸ್ಥೆ ಅದೆ. ಮೊಣಕೈ ಎರಡೂ ಹೊಟ್ಟೆಗೆ ಒತ್ಕಣಿ. ಉಸಿರು ಹಿಡೀರಿ.’

ಕೈಗೆ ತೆಗೆದುಕೊಂಡೆ. ಅರ್ಧ ಕಿಲೋ ಸಕ್ಕರೆ ಪೊಟ್ಟಣದ ಭಾರ, ಪರವಾಗಿಲ್ಲ. ಕಾರವಾರದ್ದರಲ್ಲಿ ಹಿಂದಿನ ಪರದೆಯನ್ನು ನೋಡಬೇಕಿತ್ತು, ಇದರಲ್ಲಿ ಕಣ್ಣು ಇಟ್ಟು ನೋಡಲು ಸಣ್ಣ ಕಿಂಡಿಯೂ ಇತ್ತು. ಪೊರೆ ತೆಗೆಸಿದ ಬಲಗಣ್ಣನ್ನು ಇಟ್ಟೆ. ಎಲ್ಲ ಮಸುಕು. ಅವರು ಕಿಂಡಿಯ ಪಕ್ಕದ ಸಣ್ಣ ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದರು. ‘ಈಗ? ಈಗ?’ ಕಣ್ಣಿನ ಡಾಕ್ಟರ ಹಾಗೆ. ಮೂರನೆಯ ‘ಈಗ’ಕ್ಕೆ ಕಿಟಕಿಯ ಹೊರಗೆ, ರಸ್ತೆಯ ಆಚೆ, ಮಾವಿನಹಣ್ಣು ಮಾರುವವಳ ಬುಟ್ಟಿಯಲ್ಲಿ ಹಣ್ಣಿನ ತೊಟ್ಟಿನ ಸೋನೆ ಕಂಡಿತು. ಬೆಲೆಯೂ ಗೆರೆಯ ಈಚೆಗೇ ಇತ್ತು. ಚಾರ್ಜರು, ಚಿತ್ರ ತುಂಬುವ ಕಾರ್ಡು, ಕುತ್ತಿಗೆಗೆ ಹಾಕುವ ಪಟ್ಟಿ ಎಲ್ಲ ಸೇರಿ. ನಾನು ಸೆರಗಿನಲ್ಲಿ ಗಾಜು ಒರೆಸಲು ಹೋದೆ. ಅವರು ಹಾವು ಕಂಡವರ ಹಾಗೆ ಕೂಗಿ ಮೆತ್ತನೆಯ ಬಟ್ಟೆಯ ತುಂಡು ಕೊಟ್ಟರು.

ಎಲ್ಲ ಕಟ್ಟಿಕೊಡುವಾಗ ಅವರು ಕೇಳಿದರು. ‘ಅಮ್ಮಾ, ಒಂದು ಮಾತು. ಕೊನೇ ಸಾಲು ಎಂತಕ್ಕೆ?’

‘ಫ್ಯಾನು ಅಲ್ಲಿ.’

‘ನಿಮ್ಮ ಮಗಳ ಮದ್ವೇಲಿ ಮೂರು ರೋಲು ತೆಗ್ದೆ ನಾನು. ಗುಂಪಿನ ಫೋಟೋಕ್ಕೆ ಗಂಡಿನ ಕಡೆಯವ್ರು ಮದುಮಗಳ ಸೋದರತ್ತೆ ಎಲ್ಲಿ ಅಂತ ಕೇಳಿದ್ರು, ನಿಮ್ಗೆ ನೆನಪದ್ಯಾ? ನೀವು, ಅವ್ರಿಗೆ ಪುರುಸೊತ್ತಿಲ್ಲ ಅಂದ್ರಿ.’ ಅಷ್ಟು ಹೇಳಿ ಚೀಲ ಕೈಗೆ ಕೊಟ್ಟರು. ‘ಮೆಟ್ಲು ಜೋಪಾನ.’

ಮೆಟ್ಟಿಲ ಮೇಲೆಯೇ ನಾನು ಸ್ವಲ್ಪ ಹೊತ್ತು ಕೂತೆ. ಮೊಣಕಾಲಿನ ಸಲುವಾಗಿ ಅಲ್ಲ.

ನನ್ನ ಮಗಳನ್ನು ಹೆತ್ತವಳು ನಾನು, ಬೆಳೆಸಿದವರು ಅತ್ತಿಗೆ. ಎಣ್ಣೆ ಹಚ್ಚಿ ಮೀಸಿದ್ದು, ಜ್ವರ ಬಂದರೆ ಎದೆಯ ಮೇಲೆ ಮಲಗಿಸಿಕೊಂಡದ್ದು, ಜಡೆ ಹಾಕಿ ಶಾಲೆಗೆ ಬಿಟ್ಟದ್ದು ಅವರು. ನನ್ನ ಅಕ್ಕ ತಂಗಿಯರು ಬಂದಾಗ ಮಗಳು ಅತ್ತಿಗೆಯ ಸೆರಗು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಿರಲಿಲ್ಲ. ನನಗೆ ಅದರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಈಗ ಒಪ್ಪಿಕೊಂಡರೆ ಯಾರೂ ಹೊಡೆಯುವುದಿಲ್ಲ. ಮಗಳ ಮದುವೆ ಅಂಕೋಲೆಯ ಮನೆಯ ಅಂಗಳದಲ್ಲೇ ಆಯಿತು. ಆ ಬೆಳಿಗ್ಗೆ ಅತ್ತಿಗೆ ಹೊಸ ಸೀರೆ ಉಟ್ಟು ಬಾಗಿಲಿಗೆ ಬಂದರು. ನಾನು ಹತ್ತಿರ ಹೋಗಿ ಉಗ್ರಾಣದ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟೆ. ‘ಅತ್ತಿಗೆ, ಬೆಲ್ಲ ಕಾಯಿ ಎಲ್ಲ ಅಲ್ಲೇ ಅದೆ. ಬೇರೆ ಯಾರ ಕೈಲೂ ಕೊಡೂಕೆ ನಂಗೆ ಧೈರ್ಯ ಇಲ್ಲ. ನೀವೇ ಕೂತು ನೋಡ್ಕಣಿ’ ಎಂದೆ. ಒಳಗೆ ಕೂತಿರಿ ಎಂದು ಹೇಳುವ ಮರ್ಯಾದೆಯ ರೀತಿ ಅದು. ಕೇಳಿದವರಿಗೆ ಗೌರವದ ಹಾಗೆ ಕೇಳಬೇಕು, ಹೇಳಿಸಿಕೊಂಡವರಿಗೆ ಮಾತ್ರ ಅರ್ಥ ಆಗಬೇಕು. ಅತ್ತಿಗೆಗೆ ಅರ್ಥ ಆಯಿತು. ಅವರು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು. ಹೊರಗೆ ವಾಲಗ ಊದುವಾಗ ಅವರು ಕತ್ತಲೆಯ ಕೋಣೆಯಲ್ಲಿ ತೆಂಗಿನಕಾಯಿಗಳ ನಡುವೆ ಕೂತಿದ್ದರು. ಆಮೇಲೆ ಇಷ್ಟು ವರ್ಷ ಅವರು ಯಾರ ಮದುವೆಗೂ ಹೋಗಲಿಲ್ಲ. ಆ ವಿಷಯ ನಾವಿಬ್ಬರೂ ಎತ್ತಲಿಲ್ಲ.

ಯಾರ ಬಲವಂತವೂ ಇರಲಿಲ್ಲ. ಅತ್ತೆ ತೀರಿಕೊಂಡಿದ್ದರು, ಯಜಮಾನರಿಗೆ ಇಂಥದ್ದರಲ್ಲಿ ಆಸಕ್ತಿ ಇರಲಿಲ್ಲ. ಮಾಡಿದವಳು ನಾನು. ಈಗ ನನ್ನ ಪಾಳಿ ಬಂದಾಗ, ಕಾಲ ಬದಲಾಗಿದೆ ಎಂದು ಹೇಳಿ ಮಂಟಪ ಹತ್ತಿ ನಿಂತರೆ, ಆ ದಿನ ಅವರನ್ನು ಒಳಗೆ ಕಳಿಸಿದ್ದಕ್ಕೆ ಏನೂ ಅರ್ಥವಿರಲಿಲ್ಲ ಎಂದು ಅವರ ಕಣ್ಣೆದುರೇ ಹೇಳಿದ ಹಾಗೆ. ಕೊನೆಯ ಸಾಲಿನ ಕಾರಣ ಇದು. ಮಗಳಿಗೆ ಇದನ್ನು ಹೇಗೆ ಹೇಳಲಿ? ಫ್ಯಾನು ಎಂದೆ.

ಮರುದಿನದಿಂದ ಅಭ್ಯಾಸ. ಅಂಗಳದ ಕೊನೆಯ ಹಲಸಿನ ಮರದಿಂದ ಜಗಲಿಗೆ ಸರಿಯಾಗಿ ಅರವತ್ತೆಂಟು ಹೆಜ್ಜೆ ಬರಲಿಲ್ಲ, ಗೇಟು ದಾಟಿ ರಸ್ತೆಯ ಮೇಲೆ ನಿಂತೆ. ಜಗಲಿಯಲ್ಲಿ ಅತ್ತಿಗೆ ಮುರುಗಲು ಹಣ್ಣು ಬಿಡಿಸಿ, ಸಾರಿನ ಹುಳಿಗೆ ಒಣಗಿಸಲೆಂದು ಸಿಪ್ಪೆಯನ್ನು ಚಾಪೆಯ ಮೇಲೆ ಹರಡುತ್ತಿದ್ದರು. ಮೊಣಕೈ ಹೊಟ್ಟೆಗೆ ಒತ್ತಿ, ಉಸಿರು ಹಿಡಿದು, ಇಪ್ಪತ್ತಕ್ಕೆ ಎಳೆದೆ.

ನಲವತ್ತೇಳು ವರ್ಷ ಒಂದೇ ಒಲೆಯ ಅನ್ನ ತಿಂದಿದ್ದೇವೆ. ಆ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಡಗಣ್ಣಿನ ಕೆಳಗೆ ಸಣ್ಣ ನರವೊಂದು ಮಿಡಿಯುತ್ತಿತ್ತು. ತುಟಿ ಅಲ್ಲಾಡುತ್ತಿತ್ತು, ಹಣ್ಣು ಎಣಿಸುತ್ತಿದ್ದರೋ ಯಾರಿಗೋ ಬೈಯುತ್ತಿದ್ದರೋ. ಬೆರಳೆಲ್ಲ ಮುರುಗಲಿನ ಕೆಂಪು. ಬೆವರು ಒರೆಸಲು ಕೈ ಎತ್ತಿದಾಗ ಆ ಕೆಂಪು ಹಣೆಗೆ ತಾಗಿತು. ಅವರಿಗೆ ಗೊತ್ತಾಗಲಿಲ್ಲ. ನಾನು ಗುಂಡಿ ಒತ್ತಲಿಲ್ಲ, ಕ್ಯಾಮೆರಾ ಇಳಿಸಿದೆ.

ಸೀರೆಯ ಬಣ್ಣದ ಮೇಲೆ ನನ್ನ ಗುರುತು ಹಿಡಿದು ಅವರು ಕೂಗಿದರು. ‘ಹೋಯ್! ರಸ್ತೆ ಮೇಲೆ ನಿಂತು ನನ್ನ ಮೇಲೆ ಎಂತ ಕಣ್ಣಿಟ್ಟಿದ್ದೆ? ನಾ ಮುರುಗಲು ಕದ್ದು ತಿಂತ್ನಾ ಅಂತ ನೋಡ್ತೆಯಾ?’

ಹತ್ತಿರ ಬಂದು ಜಗಲಿಯ ಅಂಚಿಗೆ ಕೂತೆ. ‘ಅತ್ತಿಗೆ, ನೀವೂ ಮದುವೆಗೆ ಬರ್ಬೇಕು.’

‘ನಂಗೆ ಬಸ್ಸು ಆಗೂದಿಲ್ಲ.’

‘ಕಾರು ಮಾಡೂವ.’

‘ಕಾರಲ್ಲಿ ತಲೆ ತಿರಗ್ತದೆ.’

‘ಮತ್ತೆಂತ, ದೋಣಿ ತರ್ಸೂದಾ?’

ಅವರು ನಗಲಿಲ್ಲ. ಚಾಪೆಯ ಮೇಲಿನ ಸಿಪ್ಪೆಯನ್ನು ಒಂದೊಂದಾಗಿ ಮಗುಚಿ ಹಾಕಿದರು. ಎಲ್ಲ ಮಗುಚಿ ಆದ ಮೇಲೆ ಹೇಳಿದರು. ‘ಆ ಡಬ್ಬಿ ಚೀಲ ಹಿಡ್ಕಣೂಕೆ ನಿಂಗೆ ಒಬ್ರು ಬೇಕಲ್ಲ. ಎಲ್ಲೋ ಇಟ್ಟು ಮರ್ತು ಬತ್ತೆ ನೀನು. ಬತ್ತೆ ನಾನೂ.’

ಮದುವೆಯ ದಿನ ನಾವಿಬ್ಬರೂ ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ. ನನ್ನ ಕುತ್ತಿಗೆಯಲ್ಲಿ ಕ್ಯಾಮೆರಾ, ಅತ್ತಿಗೆಯ ತೊಡೆಯ ಮೇಲೆ ಅದರ ಚೀಲ. ಮಗಳು ಎರಡು ಸಲ ಬಂದು ಕರೆದಳು, ಮೂರನೆಯ ಸಲ ಬರಲು ಅವಳಿಗೆ ಪುರುಸೊತ್ತಾಗಲಿಲ್ಲ. ಮೊಮ್ಮಗಳನ್ನು ಕರೆತಂದು ನಿಲ್ಲಿಸಿದರು. ಕಿಂಡಿಯಲ್ಲಿ ನೋಡಿದೆ. ಅಚ್ಚುಕಟ್ಟಾಗಿ ಮುಖ, ಹೆಗಲು, ಮಾಲೆ. ಸ್ಟುಡಿಯೋದವರು ಸುಳ್ಳು ಹೇಳಿರಲಿಲ್ಲ. ಅವಳ ಮೇಲಿನ ತುಟಿಯ ಬೆವರಿನ ಹನಿ ಕೂಡ ಕಾಣುತ್ತಿತ್ತು. ‘ಒರ್ಸೇ ಯಾರಾದ್ರೂ’ ಎಂದು ನಾನು ಇಲ್ಲಿಂದಲೇ ಅಂದೆ.

ಅಂತರಪಟ ಹಿಡಿದರು. ಅಕ್ಷತೆ ಹಂಚಿದರು. ಭಟ್ಟರು ಮಂಗಳಾಷ್ಟಕ ಶುರು ಮಾಡಿದರು.

ಆಗ ಹಾಲಿನಲ್ಲಿದ್ದವರೆಲ್ಲ ಎದ್ದು ನಿಂತರು.

ಬೆಲೆ ನೋಡಿದ್ದೆ, ಬೆಳಕು ನೋಡಿದ್ದೆ, ಭಾರ ನೋಡಿದ್ದೆ, ಹೆಜ್ಜೆ ಎಣಿಸಿದ್ದೆ. ಹುಟ್ಟಿದಂದಿನಿಂದ ನೋಡಿದ ಪ್ರತಿಯೊಂದು ಮದುವೆಯಲ್ಲೂ ಈ ಹೊತ್ತಿಗೆ ಜನ ಅಕ್ಷತೆ ಹಿಡಿದು ಎದ್ದು ನಿಲ್ಲುತ್ತಾರೆ ಎಂಬುದು ನನಗೆ ಹೊಳೆದಿರಲಿಲ್ಲ. ನಾನು ಯಾವಾಗಲೂ ಮುಂದೆ ನಿಂತವಳು. ಹಿಂದಿದ್ದವರಿಗೆ ಏನು ಕಾಣುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಕಿಂಡಿಯಲ್ಲಿ ನೋಡಿದರೆ ಯಾರದೋ ಬೋಳುತಲೆ, ಒಂದೊಂದು ಕೂದಲೂ ಸ್ಪಷ್ಟ. ಎಡಕ್ಕೆ ತಿರುಗಿಸಿದರೆ ಅಂಗಿಯ ಕಾಲರಿನ ಹೊಲಿಗೆ. ಬಲಕ್ಕೆ ತಿರುಗಿಸಿದರೆ ವಿಡಿಯೋದವನ ಬೆನ್ನು. ಕುರ್ಚಿಯ ಮೇಲೆ ಹತ್ತೋಣವೆಂದರೆ ಮೊಣಕಾಲು ಏಳಲಿಲ್ಲ. ನನಗೆ ಅಳು ಬಂತು.

ಅತ್ತಿಗೆ ನನ್ನ ರಟ್ಟೆ ಹಿಡಿದರು. ‘ಬಾ ಇಲ್ಲಿ.’

ಗೋಡೆಗೆ ಒತ್ತಿಕೊಂಡು, ಕುರ್ಚಿಗಳ ಹಿಂದಿನಿಂದ ಅವರು ನನ್ನನ್ನು ಎಳೆದುಕೊಂಡು ಹೋದರು. ಊಟದ ಹಾಲಿಗೆ ಹೋಗುವ ಪಕ್ಕದ ಬಾಗಿಲು ಅದು. ಹೊಸ್ತಿಲು ಒಂದು ಗೇಣು ಎತ್ತರ. ಎದುರಿಗೆ ಮಂಟಪದ ಮಗ್ಗುಲು, ನಡುವೆ ಖಾಲಿ ದಾರಿ.

‘ಇಲ್ಲಿ ನಿಲ್ಲು. ಬಡ್ಸೂವರು ಓಡಾಡೂ ದಾರಿ ಇದು, ಯಾರೂ ಅಡ್ಡ ನಿಲ್ಲೂದಿಲ್ಲ.’

ಈ ಹಾಲಿಗೆ ಅವರು ಬಂದದ್ದು ಮೊದಲ ಸಲ. ಆದರೂ ಜಾಗ ಗೊತ್ತಿತ್ತು. ಪ್ರಾಯದಲ್ಲಿ ಎಷ್ಟು ಮದುವೆಗಳನ್ನು ಇಂಥ ಬಾಗಿಲುಗಳಿಂದ ನೋಡಿದ್ದರೋ. ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟೆ. ಇಪ್ಪತ್ತು ಪಟ್ಟು ಬೇಕಾಗಲಿಲ್ಲ, ಹತ್ತಕ್ಕೇ ಸಿಕ್ಕಳು. ತಲೆ ತಗ್ಗಿಸಿದ್ದಳು. ರೆಪ್ಪೆ ಅದುರುತ್ತಿತ್ತು. ಭಟ್ಟರ ದನಿ ಏರಿತು. ಕೊನೆಯ ಶ್ಲೋಕ, ನನಗೆ ಗೊತ್ತು. ಇನ್ನು ನಾಲ್ಕು ಉಸಿರು.

ಪಕ್ಕದಲ್ಲಿ ಅತ್ತಿಗೆ ಹಣೆಗೆ ಅಂಗೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ಮಂಟಪದ ಕಡೆ ನೋಡುತ್ತಿದ್ದರು. ಅವರ ಎರಡು ಕಣ್ಣಿಗೂ ಪೊರೆ. ತೆಗೆಸಿಲ್ಲ. ಅವರಿಗೆ ಅಲ್ಲಿ ಕಾಣುತ್ತಿದ್ದದ್ದು ಬರೀ ಬಣ್ಣ.

ನಾನು ಪಟ್ಟಿಯನ್ನು ನನ್ನ ಕುತ್ತಿಗೆಯಿಂದ ತೆಗೆದು ಅವರ ಕುತ್ತಿಗೆಗೆ ಹಾಕಿದೆ. ‘ಅತ್ತಿಗೆ, ಈ ಕಿಂಡಿಗೆ ಕಣ್ಣಿಡಿ. ಮೊಣಕೈ ಹೊಟ್ಟೆಗೆ ಒತ್ಕಣಿ.’

‘ನೀನು?’

‘ನಾ ನೋಡಿ ಆತು.’

ಅವರ ಕಣ್ಣಿಗೆ ಹೊಂದುವಂತೆ ಸಣ್ಣ ಚಕ್ರ ತಿರುಗಿಸಿದೆ. ‘ಈಗ? ಈಗ?’ ಅವರ ಬಾಯಿ ಸ್ವಲ್ಪ ತೆರೆಯಿತು, ಅಷ್ಟೇ. ನಾನು ಚಕ್ರದಿಂದ ಕೈ ತೆಗೆದೆ. ಅವರ ಮೊಣಕೈಯನ್ನು ಕೆಳಗಿನಿಂದ ಹಿಡಿದುಕೊಂಡು ನಿಂತೆ.

ವಾಲಗ ಒಮ್ಮೆಲೇ ಜೋರಾಯಿತು. ಪಟ ಸರಿಯಿತು ಎಂದು ಅದರಿಂದ ಗೊತ್ತಾಯಿತು. ಪೊರೆ ತೆಗೆಸಿದ್ದರೂ ಅಷ್ಟು ದೂರಕ್ಕೆ ನನ್ನ ಕಣ್ಣಲ್ಲಿ ಮುಖ ಹಿಡಿಯುವುದಿಲ್ಲ. ಕೆಂಪು ಸೀರೆಯೊಂದು ಸ್ವಲ್ಪ ಅಲುಗಿದ್ದು ಕಂಡಿತು. ಎಲ್ಲರೂ ಅಕ್ಷತೆ ಎಸೆದರು. ನಾನೂ ಮುಷ್ಟಿಯಲ್ಲಿದ್ದದ್ದನ್ನು ಎಸೆದೆ, ಅದು ಸಾರಿನ ಬಕೆಟ್ ಹಿಡಿದು ಹೊರಟಿದ್ದವನ ತಲೆಯ ಮೇಲೆ ಬಿತ್ತು. ಅತ್ತಿಗೆ ಕದಲಲಿಲ್ಲ. ಮಾಲೆ ಹಾಕಿ, ಕರಿಮ‍ಣಿ ಕಟ್ಟಿ ಮುಗಿಯುವವರೆಗೂ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. ಗುಂಡಿ ಒತ್ತಿದರೆ ಚಿತ್ರ ಉಳಿಯುತ್ತದೆ ಎಂದು ನಾನೂ ಹೇಳಲಿಲ್ಲ. ಹೇಳಿದರೆ ಕೈ ಅಲ್ಲಾಡೀತು ಎನಿಸಿತು.

ಕೊನೆಗೆ ಅವರು ಕ್ಯಾಮೆರಾ ಇಳಿಸಿದರು. ಕಿಂಡಿಯ ರಬ್ಬರಿನ ಗುರುತು ಕಣ್ಣಿನ ಸುತ್ತ ದುಂಡಗೆ ಮೂಡಿತ್ತು, ಅದರ ಒಳಗೆಲ್ಲ ಒದ್ದೆ.

ನನಗೆ ಮಾತು ಬೇಕಾಗಿತ್ತು. ಅವರು ಏನಾದರೂ ಒಂದು ಒಳ್ಳೆಯ ಮಾತು ಹೇಳಿದರೆ ಇಷ್ಟು ವರ್ಷದ್ದು ಇಳಿದೀತು ಎಂಬ ಆಸೆ. ನಗುನಗುತ್ತಲೇ ಕೇಳಿದೆ. ‘ಹೇಂಗದೆ ನನ್ನ ಕ್ಯಾಮೆರಾ ಅತ್ತಿಗೆ? ಎಲ್ಲೇ ಕೂತ್ರೂ ಎಲ್ಲ ಕಾಣ್ತದೆ ಅಲ್ದಾ?’

ಅವರು ಪಟ್ಟಿಯನ್ನು ಕುತ್ತಿಗೆಯಿಂದ ತೆಗೆದು, ಸುತ್ತಿ, ಚೀಲದೊಳಗೆ ಇಟ್ಟು, ಜಿಪ್ ಎಳೆದರು.

‘ಅವಳ ಅಮ್ಮನ ಮದುವೆ ದಿನ ನೀ ನನ್ನ ಕೂರ್ಸಿದ ಉಗ್ರಾಣಕ್ಕೆ ಕಿಟಕೀನೇ ಇರ್ಲಿಲ್ಲ ಮಾರಾಯ್ತಿ. ಗೋಡೆ ದಾಟಿ ಕಾಣೂ ಜೂಮ್ ಅದ್ಯಾ ಅಂತ ಅಂಗ್ಡೀಲಿ ಕೇಳಿದ್ಯಾ?’